ಬಾಗಿಲಾಚೆ ಯಾರು? – ಒರಟು ಚಿತ್ರದ ದೆವ್ವದಾಟಗಳ ಚರಿತ್ರೆ

ಕಳೆದ ರಂಜಾನಿನಲ್ಲಿ ಒಂದು ಸಂಜೆ ಯಲಹಂಕದ ತಂಗಿಯ ಮನೆಗೆ ಇಫ್ತಾರಿಗೆ ಹೋಗಿದ್ದೆ. ಮಗ್ರಿಬ್ ನಮಾಜು ಮುಗಿದು, ಸಮೋಸದ ತಟ್ಟೆ ಖಾಲಿಯಾಗಿ, ದೊಡ್ಡವರೆಲ್ಲ ಚಹಾ ಹಿಡಿದು ಕುಳಿತಿದ್ದ ಹೊತ್ತು. ಕಾಲೇಜಿಗೆ ಹೋಗುವ ತಂಗಿಯ ಮಗ ತನ್ನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. "ಮಾಮು, ನಾನು ಮಾಡ್ತಿರೋ ಆಟ ಇದು, ಒಂದು ಸಲ ನೋಡಿ" ಎಂದ. ಪರದೆಯ ಮೇಲೆ ಒಂದು ಇಕ್ಕಟ್ಟಾದ ಗಲ್ಲಿ. ಎರಡೂ ಕಡೆ ಶೀಟಿನ ಮನೆಗಳು, ಒಂದು ಬೀದಿದೀಪ, ಅದರಾಚೆ ಕಡುಕತ್ತಲೆ. ಮನೆಗಳಿಗೆ ಸರಿಯಾದ ಅಂಚಿಲ್ಲ. ಗೋಡೆಯ ಇಟ್ಟಿಗೆಗಳು ಸೊಟ್ಟಗೆ ಜಾರಿದಂತಿವೆ. ಕೀಲಿ ಒತ್ತಿ ಮುಂದೆ ನಡೆದರೆ ಇಡೀ ಗಲ್ಲಿಯೇ ಜ್ವರ ಬಂದವರಂತೆ ನಡುಗುತ್ತದೆ.

"ಏನಪ್ಪ, ನಿನ್ನ ಕಂಪ್ಯೂಟರ್ ಕೆಟ್ಟಿದೆಯೇನೋ, ಗೋಡೆಗಳು ನಡುಗ್ತಿವೆಯಲ್ಲ" ಎಂದೆ.

"ನಡುಗಬೇಕು ಮಾಮು. ಅದು ನಡುಗಲಿ ಅಂತಲೇ ಎರಡು ದಿನ ಕೂತಿದ್ದೆ" ಎಂದು ನಕ್ಕ.

ಇಂದಿನ ಕಂಪ್ಯೂಟರಿಗೆ ಮನುಷ್ಯನ ಮುಖದ ಬೆವರಹನಿಯನ್ನೂ ತೋರಿಸುವ ಶಕ್ತಿಯಿದೆ. ಅಂಥ ಯಂತ್ರವನ್ನು ಮುಂದಿಟ್ಟುಕೊಂಡು ಇವತ್ತಿನ ಹುಡುಗ ಮೂವತ್ತು ವರ್ಷ ಹಿಂದಿನ ದೋಷಗಳನ್ನು ಕಷ್ಟಪಟ್ಟು ತಯಾರಿಸುತ್ತಾನಲ್ಲ, ಯಾಕೆ? ಆ ರಾತ್ರಿ ಬಸ್ಸಿನಲ್ಲಿ ಆರ್.ಟಿ. ನಗರದ ಮನೆಗೆ ಮರಳುವಾಗ ಇದೇ ಪ್ರಶ್ನೆ ತಲೆಯಲ್ಲಿತ್ತು. ಉತ್ತರ ಹುಡುಕುತ್ತ ಹೋದಾಗ ಅದು ಬರೀ ಆಟದ ಚರಿತ್ರೆಯಾಗಿ ಉಳಿಯಲಿಲ್ಲ.

ಬಡ ಯಂತ್ರದ ಭಯ

ವಿಡಿಯೋ ಗೇಮಿನ ಮೂರು ಆಯಾಮದ ಚಿತ್ರಗಳೆಲ್ಲ ತ್ರಿಕೋನಗಳಿಂದ ಆದವು. ತ್ರಿಕೋನಗಳು ಹೆಚ್ಚಿದಷ್ಟೂ ಕೆನ್ನೆ ದುಂಡಗಾಗುತ್ತದೆ, ಬೆರಳುಗಳು ಬಿಡಿಬಿಡಿಯಾಗುತ್ತವೆ. ಕಡಿಮೆಯಾದಷ್ಟೂ ಮುಖ ಕಾಗದ ಮಡಚಿ ಮಾಡಿದ ಗೊಂಬೆಯಂತಾಗುತ್ತದೆ. ಇಂಗ್ಲಿಷಿನವರು ಇದನ್ನು ಲೋ ಪಾಲಿಗನ್ ಎನ್ನುತ್ತಾರೆ. ಫ್ರಾನ್ಸಿನ ಫ್ರೆಡರಿಕ್ ರೆನಾಲ್ 1992ರಲ್ಲಿ ಇನ್ಫೋಗ್ರಾಮ್ಸ್ ಕಂಪನಿಗಾಗಿ ರೂಪಿಸಿದ 'ಅಲೋನ್ ಇನ್ ದ ಡಾರ್ಕ್' ಆಟದಲ್ಲಿ ಇಂಥ ಒರಟು ಗೊಂಬೆಯೊಂದು ಪಾಳುಬಂಗಲೆಯೊಳಗೆ ಓಡಾಡುತ್ತಿತ್ತು. ಇಂದಿನ ದೆವ್ವದಾಟಗಳ ವಂಶವೃಕ್ಷದಲ್ಲಿ ಅದು ಹಿರಿಯಜ್ಜ.

1994ರ ಡಿಸೆಂಬರ್ 3ರಂದು ಸೋನಿ ಕಂಪನಿ ಜಪಾನಿನಲ್ಲಿ ಪ್ಲೇಸ್ಟೇಷನ್ ಬಿಡುಗಡೆ ಮಾಡಿತು. ಆ ಯಂತ್ರದ ಮುಖ್ಯ ನೆನಪಿನ ಕೋಶ 2 ಎಂ.ಬಿ., ಚಿತ್ರಕ್ಕೆಂದೇ ಇದ್ದದ್ದು ಇನ್ನೊಂದು ಎಂ.ಬಿ. ಇಂದು ನಮ್ಮ ಜೇಬಿನ ಫೋನು ತೆಗೆಯುವ ಒಂದು ಫೋಟೋ ಕೂಡ ಅದರೊಳಗೆ ಹಿಡಿಸುವುದು ಕಷ್ಟ. ತ್ರಿಕೋನದ ಮೂಲೆ ಪರದೆಯ ಯಾವ ಚುಕ್ಕೆಯ ಮೇಲೆ ಬೀಳಬೇಕೆಂದು ಅದಕ್ಕೆ ಪೂರ್ಣಸಂಖ್ಯೆಯಲ್ಲೇ ಹೇಳಬೇಕಿತ್ತು. ಎರಡು ಚುಕ್ಕೆಗಳ ನಡುವೆ ನಿಲ್ಲಬೇಕಾದ ಮೂಲೆ ಈ ಕಡೆಗೋ ಆ ಕಡೆಗೋ ಜಿಗಿಯುತ್ತಿತ್ತು. ಹಾಗಾಗಿ ಆಟಗಾರ ನಡೆದಾಗಲೆಲ್ಲ ಗೋಡೆಗಳು ನಡುಗಿದಂತೆ ಕಾಣುತ್ತಿದ್ದವು. ಗೋಡೆಗೆ ಅಂಟಿಸಿದ ಇಟ್ಟಿಗೆಯ ಚಿತ್ರವನ್ನು ದೂರ ಹತ್ತಿರಗಳ ಲೆಕ್ಕಕ್ಕೆ ತಕ್ಕಂತೆ ತಿದ್ದುವ ಶಕ್ತಿಯೂ ಅದಕ್ಕಿರಲಿಲ್ಲ. ಇಟ್ಟಿಗೆ ಸೊಟ್ಟಗಾಗುತ್ತಿದ್ದುದು ಅದಕ್ಕೆ. ನನ್ನ ಸೋದರಳಿಯ ಎರಡು ದಿನ ಕೂತು ಕಟ್ಟಿದ ದೋಷಗಳು ಇವೇ.

ಆದರೆ ಬಡವನ ಮನೆಯ ಗೃಹಿಣಿ ಇದ್ದುದರಲ್ಲೇ ಅಡುಗೆ ಹೊಂದಿಸುವಂತೆ ಆ ಕಾಲದ ಆಟಗಾರಿಕೆಯವರು ಈ ಕೊರತೆಗಳನ್ನೇ ದುಡಿಸಿಕೊಂಡರು. 1996ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ಶಿಂಜಿ ಮಿಕಾಮಿ ನಿರ್ದೇಶಿಸಿದ 'ರೆಸಿಡೆಂಟ್ ಈವಿಲ್' ಬಂತು. ಅದರಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಕೋಣೆಯ ಮಾಹಿತಿಯನ್ನು ಸಿ.ಡಿ.ಯಿಂದ ಓದಿಕೊಳ್ಳಲು ಯಂತ್ರಕ್ಕೆ ಕೆಲವು ಕ್ಷಣ ಬೇಕಿತ್ತು. ಆ ಹೊತ್ತಿನಲ್ಲಿ ಕಪ್ಪು ಪರದೆಯ ಮೇಲೆ ಬಾಗಿಲೊಂದು ಕಿರ್ರೆಂದು ನಿಧಾನವಾಗಿ ತೆರೆದುಕೊಳ್ಳುವಂತೆ ಮಾಡಿದರು. ಯಂತ್ರದ ನಿಧಾನವನ್ನು ಮುಚ್ಚಲು ಹಾಕಿದ ಬಾಗಿಲು ಆಟದ ಅತ್ಯಂತ ಭಯಾನಕ ಭಾಗವಾಯಿತು. ಬಾಗಿಲಾಚೆ ಏನಿದೆಯೋ ಯಾರಿಗೆ ಗೊತ್ತು?

1999ರಲ್ಲಿ ಕೊನಾಮಿ ಕಂಪನಿಯ 'ಸೈಲೆಂಟ್ ಹಿಲ್' ಬಂತು. ಕಳೆದುಹೋದ ಮಗಳನ್ನು ಹುಡುಕುತ್ತ ತಂದೆಯೊಬ್ಬ ಖಾಲಿ ಊರಿನಲ್ಲಿ ಅಲೆಯುವ ಕತೆ. ಇಡೀ ಊರನ್ನು ಒಮ್ಮೆಗೇ ಬಿಡಿಸುವ ಶಕ್ತಿ ಯಂತ್ರಕ್ಕಿರಲಿಲ್ಲ. ನಿರ್ದೇಶಕ ಕೀಚಿರೋ ತೊಯಾಮಾ ಮತ್ತು ಸಂಗಡಿಗರು ಊರಿನ ಮೇಲೆಲ್ಲ ದಟ್ಟ ಮಂಜು ಕವಿಸಿದರು. ನಾಲ್ಕು ಮಾರು ದೂರದಾಚೆ ಏನೂ ಕಾಣದು. ಕೈಯಲ್ಲೊಂದು ಸಣ್ಣ ರೇಡಿಯೋ, ಕೆಟ್ಟದ್ದು ಹತ್ತಿರ ಬಂದರೆ ಅದು ಕರಕರ ಸದ್ದು ಮಾಡುತ್ತದೆ. ಸದ್ದು ಕೇಳುತ್ತದೆ, ಬರುತ್ತಿರುವುದು ಮಾತ್ರ ಕಾಣುವುದಿಲ್ಲ.

ನಮ್ಮ ಬೀದಿಯ ಗೇಮ್ ಅಂಗಡಿ

ನಾನು ಈ ಆಟಗಳನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಕೊನೆಗೆ, ಆರ್.ಟಿ. ನಗರದ ನಮ್ಮ ಬೀದಿಯ ಒಂದು ಸಣ್ಣ ಗೇಮ್ ಅಂಗಡಿಯಲ್ಲಿ. ಮುಂದೆ ಎಸ್.ಟಿ.ಡಿ. ಬೂತು, ಹಿಂದೆ ಪರದೆ ಎಳೆದ ಕೋಣೆ. ಅಲ್ಲಿ ಎರಡು ಟಿ.ವಿ., ಎರಡು ಪ್ಲೇಸ್ಟೇಷನ್. ಗಂಟೆಯ ಲೆಕ್ಕದಲ್ಲಿ ದುಡ್ಡು. ಕೈಯಲ್ಲಿ ಕಾಸಿಲ್ಲದವರು ಹಿಂದೆ ನಿಂತು ಸಲಹೆ ಕೊಡಬಹುದಿತ್ತು. ನಾನು ಹೆಚ್ಚಾಗಿ ಸಲಹೆಗಾರರ ಗುಂಪಿನಲ್ಲಿದ್ದೆ. ಮಾಲೀಕ ತರುತ್ತಿದ್ದ ಸಿ.ಡಿ.ಗಳು ನಕಲಿ, ಎಷ್ಟೋ ಸಲ ಅಕ್ಷರಗಳು ಜಪಾನಿ ಭಾಷೆಯವು. ಆಟದ ಕತೆಯೇನೆಂದು ನಮಗ್ಯಾರಿಗೂ ತಿಳಿಯದು. ಆದ್ದರಿಂದ ನಾವೇ ಕತೆ ಕಟ್ಟುತ್ತಿದ್ದೆವು. ಕುಂಟುತ್ತ ಬರುವ ಹೆಣವನ್ನು ನಾನು 'ಮುರ್ದಾ' ಎಂದರೆ ಪಕ್ಕದ ಬೀದಿಯ ಹುಡುಗ 'ಪಿಶಾಚಿ' ಎನ್ನುತ್ತಿದ್ದ. ತಮಿಳು ಮಾತಾಡುವ ಇನ್ನೊಬ್ಬನಿಗೆ ಅದು 'ಪೇಯ್'. ಒಂದೇ ಚಪ್ಪಟೆ ಮುಖಕ್ಕೆ ನಾವು ಮೂವರೂ ನಮ್ಮ ನಮ್ಮ ಮನೆಯ ಭಯವನ್ನು ಅಂಟಿಸುತ್ತಿದ್ದೆವು. ಮುಖ ಸ್ಪಷ್ಟವಾಗಿದ್ದರೆ ಇದು ಸಾಧ್ಯವಾಗುತ್ತಿತ್ತೇ?

'ಸೈಲೆಂಟ್ ಹಿಲ್' ಬಂದಾಗ ಅದರ ಮಂಜು ನಮಗೆ ವಿದೇಶದ್ದೆನಿಸಲೇ ಇಲ್ಲ. ಹೆಬ್ಬಾಳದ ಮೇಲ್ಸೇತುವೆ ಪೂರ್ಣಗೊಂಡದ್ದು 2003ರಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಅದಕ್ಕೂ ಮುಂಚಿನ ಡಿಸೆಂಬರಿನ ಬೆಳಗುಗಳಲ್ಲಿ ಹೆಬ್ಬಾಳ ಕೆರೆಯಿಂದ ಎದ್ದ ಮಂಜು ಬಳ್ಳಾರಿ ರಸ್ತೆಯ ಮೇಲೆ ಹರಡಿಕೊಳ್ಳುತ್ತಿತ್ತು. ಬಸ್ಸಿನ ದೀಪ ಮೊದಲು ಕಾಣುತ್ತಿತ್ತು, ಬಸ್ಸು ಆಮೇಲೆ. ನಮ್ಮ ಊರನ್ನೇ ಯಾರೋ ಜಪಾನಿನಲ್ಲಿ ಕುಳಿತು ಆಟ ಮಾಡಿದ್ದಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಬಿಟ್ಟುಹೋದದ್ದು ಮರಳಿ ಬಂತು

ಮುಂದೆ ಯಂತ್ರಗಳು ಬಲಿಷ್ಠವಾದವು. ಚಿತ್ರ ನುಣುಪಾಯಿತು, ಮಂಜು ಚದುರಿತು. ಒಂದು ದೊಡ್ಡ ಆಟಕ್ಕೆ ನೂರಾರು ಜನ, ಕೋಟಿಗಟ್ಟಲೆ ಹಣ, ವರ್ಷಗಟ್ಟಲೆ ಕೆಲಸ ಬೇಕಾಯಿತು. ಅಷ್ಟು ಬಂಡವಾಳ ಹೂಡಿದವರಿಗೆ ಎಲ್ಲರೂ ಕೊಳ್ಳುವಂಥ ಸರಕು ಬೇಕು. 2005ರ 'ರೆಸಿಡೆಂಟ್ ಈವಿಲ್ 4'ರ ಹೊತ್ತಿಗೆ ಅದೇ ಸರಣಿಯಲ್ಲಿ ಹೆದರಿ ಓಡುವುದಕ್ಕಿಂತ ಗುಂಡು ಹಾರಿಸುವುದೇ ಮುಂದಾಯಿತು. ಆಟ ಒಳ್ಳೆಯದೇ, ಆದರೆ ಹಳೆಯ ಭಯ ಅದಲ್ಲ.

ಇದೇ ಕಾಲದಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯಿತು. ಮೂರು ಆಯಾಮದ ಚಿತ್ರ ಬಿಡಿಸುವ ಬ್ಲೆಂಡರ್ ಎಂಬ ತಂತ್ರಾಂಶ 2002ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಆಟ ಕಟ್ಟುವ ಯೂನಿಟಿ ಎಂಬ ಸಲಕರಣೆ 2005ರಲ್ಲಿ ಬಂತು, 2009ರಲ್ಲಿ ಅದರದೊಂದು ಆವೃತ್ತಿ ಉಚಿತವಾಯಿತು. ಮಾಡಿದ ಆಟವನ್ನು ಯಾರ ದಾಕ್ಷಿಣ್ಯವೂ ಇಲ್ಲದೆ ಮಾರಲು 2013ರಲ್ಲಿ ಇಚ್ ಎಂಬ ಸಂತೆ ಹುಟ್ಟಿತು. ತೊಂಬತ್ತರ ದಶಕದಲ್ಲಿ ಮಂಜಿನಲ್ಲಿ ಅಲೆದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಅವರ ಕೈಗೆ ಉಪಕರಣ ಸಿಕ್ಕಿತು, ಹಣ ಸಿಗಲಿಲ್ಲ. ಒಬ್ಬನೇ ಕುಳಿತು ಸಾವಿರಾರು ತ್ರಿಕೋನಗಳ ಮುಖ ಮಾಡಲಾರ, ಕೆಲವೇ ತ್ರಿಕೋನಗಳ ಮುಖ ಮಾಡಬಲ್ಲ. ಕಂಪನಿಗಳು ಕಳಚಿ ಬಿಸಾಡಿದ ಹಳೆಯ ಅಂಗಿ ಇವರಿಗೆ ಸರಿಯಾಗಿ ಹೊಂದಿತು.

ಅಮೆರಿಕದ ಪಪೆಟ್ ಕಾಂಬೊ ಎಂಬ ಹೆಸರಿನಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟಿನ ಗೀರುಗಳನ್ನೂ ಸೇರಿಸಿಕೊಂಡ ಕೊಲೆಯಾಟಗಳು ಬಂದವು. 2020ರಲ್ಲಿ 'ಹಾಂಟೆಡ್ ಪಿ.ಎಸ್. ಒನ್ ಡೆಮೊ ಡಿಸ್ಕ್' ಎಂಬ ಉಚಿತ ಸಂಕಲನ ಹೊರಬಂತು. ಹೊಸ ಕತೆಗಾರರ ಕಥಾಸಂಕಲನದಂತೆ ಅದರಲ್ಲಿ ಹಲವರ ಸಣ್ಣ ಸಣ್ಣ ಆಟಗಳಿದ್ದವು. 2022ರಲ್ಲಿ ಜರ್ಮನಿಯ ಇಬ್ಬರು ಸೇರಿ ಮಾಡಿದ 'ಸಿಗ್ನಾಲಿಸ್' ಬಂತು. ಅದೇ ವರ್ಷ ಡೇವಿಡ್ ಶಿಮಾನ್ಸ್ಕಿಯ 'ಐರನ್ ಲಂಗ್' ಬಂತು. ಇದರಲ್ಲಿ ಆಟಗಾರ ರಕ್ತದ ಕಡಲಿನೊಳಗೆ ಒಂದು ಸಣ್ಣ ಜಲಾಂತರ್ಗಾಮಿಯಲ್ಲಿ ಕೈದಿ. ಕಿಟಕಿ ಮುಚ್ಚಿದೆ. ಹೊರಗೇನಿದೆ ಎಂದು ತಿಳಿಯಲು ಆಗಾಗ ತೆಗೆಯುವ ಮಸುಕಾದ ಕಪ್ಪುಬಿಳುಪು ಫೋಟೋ ಮಾತ್ರ ಆಧಾರ. 2024ರ ಸ್ವೀಡನ್ನಿನ 'ಮೌತ್‌ವಾಷಿಂಗ್'ನಲ್ಲಿ ದಾರಿತಪ್ಪಿ ಕೆಟ್ಟುನಿಂತ ಸರಕು ನೌಕೆಯಲ್ಲಿ ಐದು ಜನ ಕೆಲಸಗಾರರು. ಅಲ್ಲಿನ ನಿಜವಾದ ಭಯ ದೆವ್ವವಲ್ಲ, ತಾನು ಮಾಡಿದ್ದಕ್ಕೆ ಹೊಣೆ ಹೊರಲು ಒಪ್ಪದ ಮನುಷ್ಯ.

ಇವರೆಲ್ಲರಲ್ಲಿ ನನಗೆ ಹೆಚ್ಚು ಹಿಡಿಸಿದವರು ಚಿಲ್ಲಾಸ್ ಆರ್ಟ್ ಎಂಬ ಹೆಸರಿನ ಜಪಾನಿನ ಅಣ್ಣತಮ್ಮಂದಿರು. ಅವರ 2020ರ 'ದಿ ಕನ್ವೀನಿಯನ್ಸ್ ಸ್ಟೋರ್' ರಾತ್ರಿಪಾಳಿಯ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳ ಕತೆ. ಅರಮನೆ ಇಲ್ಲ, ಕೋಟೆ ಇಲ್ಲ. ಟ್ಯೂಬ್‌ಲೈಟು, ಸರಕಿನ ಕಪಾಟು, ತಾನಾಗಿ ತೆರೆದುಕೊಳ್ಳುವ ಬಾಗಿಲು. ತಮ್ಮ ಬೀದಿಯ ಭಯವನ್ನು ತಮ್ಮ ಬೀದಿಯಲ್ಲೇ ಇಟ್ಟು ತೋರಿಸಿದ್ದಾರೆ. ಜಗತ್ತು ಅದನ್ನು ಆಡಿತು.

ಬೆಂಗಳೂರಿನ ಕೈಗಳು

ಹಾಗಾದರೆ ನಾವೆಲ್ಲಿದ್ದೆವು? ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು ಕಟ್ಟಿದ್ದು 1997ರಲ್ಲಿ, ಅಂದರೆ 'ರೆಸಿಡೆಂಟ್ ಈವಿಲ್' ಬಂದ ಮರುವರ್ಷ. ಭಾರತದ ಆಟದ ಉದ್ಯಮದ ಮೊದಲಿಗರಲ್ಲಿ ಅದೊಂದು. ಆದರೆ ಅದು ಬದುಕಿದ್ದು ಮುಖ್ಯವಾಗಿ ಹೊರಗಿನವರ ಆಟಗಳಿಗೆ ಚಿತ್ರ ಮಾಡಿಕೊಟ್ಟು. ಮೈಕ್ರೋಸಾಫ್ಟಿನ 'ಫೋರ್ಜಾ' ಎಂಬ ಕಾರಿನ ಆಟಗಳಿಗೆ ಇಲ್ಲಿನ ಕಲಾವಿದರು ದುಡಿದರು. 2017ರಲ್ಲಿ ಸ್ವೀಡನ್ನಿನ ಕಂಪನಿಯೊಂದು ಧ್ರುವವನ್ನು ತನ್ನದಾಗಿಸಿಕೊಂಡಿತು, 2019ರಲ್ಲಿ ಅದು ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಕರ್ನಾಟಕ ಸರಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದಿತು, 2024ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. ಯಲಹಂಕದಲ್ಲಿ 1996ರಿಂದ ಸೃಷ್ಟಿ ಕಲಾ ವಿನ್ಯಾಸ ಸಂಸ್ಥೆಯಿದೆ. ಕೈಗಳಿಗೆ ಕೊರತೆಯಿಲ್ಲ. ಪರದೇಶದ ರಸ್ತೆಯ ಕಾರು, ಕಂಬ, ಕಿಟಕಿಗಳನ್ನು ನಮ್ಮ ಮಕ್ಕಳು ಕಣ್ಣು ಕೀಲಿಸಿ ಬಿಡಿಸಿದರು. ನಮ್ಮ ರಸ್ತೆಯನ್ನು ಬಿಡಿಸುವಂತೆ ಅವರಿಗೆ ಯಾರೂ ಸಂಬಳ ಕೊಡಲಿಲ್ಲ.

ಭಾರತೀಯರೇ ಮಾಡಿದ ದೆವ್ವದಾಟ ಇಲ್ಲವೆಂದಲ್ಲ. ಹಳೆಯ ಒರಟು ಶೈಲಿಯ ಆಟಗಳಲ್ಲಿ ಜಗತ್ತಿನಾದ್ಯಂತ ಹೆಸರಾದ 'ಫಿಯರ್ಸ್ ಟು ಫ್ಯಾದಮ್' ಸರಣಿ ನಮ್ಮ ದೇಶದ ರೇಲ್ ಸ್ಟುಡಿಯೋಸ್‌ನದು. 2021ರಲ್ಲಿ ಬಂದ ಅದರ ಮೊದಲ ಕಂತಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಮನೆಯಲ್ಲಿ ಒಬ್ಬನೇ ಇದ್ದಾನೆ, ರಾತ್ರಿ ಅಪರಿಚಿತನೊಬ್ಬ ಬರುತ್ತಾನೆ. ಬೆನ್ನು ತಣ್ಣಗಾಗಿಸುವ ಆಟ. ಆದರೆ ಆ ಮನೆ, ಮುಂದಿನ ಕಂತಿನ ಹೆದ್ದಾರಿ, ಮೋಟೆಲು ಎಲ್ಲವೂ ಅಮೆರಿಕದವು. ಕೊಳ್ಳುವವರು ಅಲ್ಲಿದ್ದಾರೆ, ತಪ್ಪೆನ್ನಲಾರೆ. 'ಕಮಲಾ' ಎಂಬ ಇನ್ನೊಂದು ಭಾರತೀಯ ಆಟ ಎಂಬತ್ತರ ದಶಕದ ನಮ್ಮದೇ ಮನೆಯೊಳಗೆ ಕಾಲಿಟ್ಟಿದೆ. ದಾರಿ ತೆರೆದಿದೆ ಎನ್ನಬಹುದು.

ಉತ್ತರ ಬೆಂಗಳೂರಿನಲ್ಲೇ ನೋಡಿ. ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಲಾರಿಗಳೆಲ್ಲ ಹೋದಮೇಲಿನ ನಡುರಾತ್ರಿ ಇದೆ. ದೇವನಹಳ್ಳಿಯ ಬಳಿ ನಲ್ಲೂರಿನಲ್ಲಿ ಹಳೆಯ ಹುಣಸೆಮರಗಳ ತೋಪಿದೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಹುಣಸೆಮರದ ದೆವ್ವದ ಕತೆ ಕೇಳದೆ ಬೆಳೆದ ಕನ್ನಡದ ಮಗು ಯಾವುದಿದೆ? ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಊರಿನ ಪ್ರತಿ ಬಾಗಿಲ ಮೇಲೂ ಒಂದು ಕತೆ ಬರೆದಿತ್ತು.

ನಾಳೆ ಬಾ

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ರಾತ್ರಿ ಹೆಣ್ಣು ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ತೆರೆದರೆ ಸಾವು ಎಂಬ ಪುಕಾರು. ಅದಕ್ಕೆ ಜನ ಕಂಡುಕೊಂಡ ಉಪಾಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದು. ದೆವ್ವ ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. 2018ರ ಹಿಂದಿ ಚಿತ್ರ 'ಸ್ತ್ರೀ' ಇಂಥದೇ ಬಾಗಿಲ ಬರಹವನ್ನಿಟ್ಟುಕೊಂಡು ದುಡ್ಡು ಮಾಡಿತು.

ನಮ್ಮ ಗಲ್ಲಿಯಲ್ಲಿ ಹಿಂದೂಗಳ ಬಾಗಿಲು, ಕ್ರೈಸ್ತರ ಬಾಗಿಲು, ನಮ್ಮ ಬಾಗಿಲು ಎಲ್ಲದರ ಮೇಲೂ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಆ ಎರಡು ಪದಗಳಿದ್ದವು. ನಮ್ಮ ಚೌಕಟ್ಟಿನ ಮೇಲೆ ಮೊದಲೇ 786 ಇತ್ತು, ಒಳಗೆ ಆಯತುಲ್ ಕುರ್ಸಿಯ ಪಟ ಇತ್ತು. ಅಬ್ಬಾ ಇಂಥದನ್ನೆಲ್ಲ ನಂಬುವವರಲ್ಲ. ಆದರೂ ದಾದಿಯ ಒತ್ತಾಯಕ್ಕೆ ಬರೆಯಬೇಕಾಯಿತು. ಉರ್ದು ಶಾಲೆಯಿಂದ ಆಗಷ್ಟೇ ಕನ್ನಡ ಶಾಲೆಗೆ ಸೇರಿದ್ದ ನನಗೆ ಆ ಕೆಲಸ ಬಂತು. ಬರೆದು ಮುಗಿಸಿದಾಗ ದಾದಿ ಕೇಳಿದರು: "ನಮ್ಮ ಮನೆಗೆ ಬರುವುದಕ್ಕೆ ಕನ್ನಡ ಓದಲು ಬಾರದಿದ್ದರೆ?" ಪ್ರಶ್ನೆ ಸರಿಯಾಗಿಯೇ ಇತ್ತು. ಕೆಳಗೆ ಉರ್ದುವಿನಲ್ಲಿ 'ಕಲ್ ಆನಾ' ಎಂದೂ ಬರೆದೆ. ಎದುರುಮನೆಯ ಅಜ್ಜಿ ನೋಡಿ, "ನಮ್ಮ ಬಾಗಿಲ ಮೇಲೂ ಅದನ್ನ ಬರಿಯಪ್ಪ, ಯಾವ ಜಾತಿದು ಬರ್ತದೋ ಏನೋ" ಎಂದರು. ಬರೆದುಕೊಟ್ಟೆ.

1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ಅದಕ್ಕೆ ವಿರೋಧ ಎದ್ದಿತು, ವಿರೋಧ ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ವಾರ್ತೆ ನಿಂತಿತು. ಆ ರಾತ್ರಿಗಳಲ್ಲಿ ಬಾಗಿಲು ಬಡಿದ ಸದ್ದಿಗೆ ಬೇರೆಯೇ ಅರ್ಥವಿತ್ತು. ದೀಪ ಆರಿಸಿ ಕುಳಿತಿದ್ದ ಒಂದು ರಾತ್ರಿ ಅಬ್ಬಾ ಒದ್ದೆ ಬಟ್ಟೆ ಹಿಡಿದು ಮೆಲ್ಲನೆ ಬಾಗಿಲು ತೆರೆದರು. 786 ಅನ್ನೂ ನಾನು ಬರೆದ ಉರ್ದು ಸಾಲನ್ನೂ ಒರೆಸಿದರು. 'ನಾಳೆ ಬಾ' ಮಾತ್ರ ಉಳಿಸಿದರು. ಆಮೇಲೆ ರಸ್ತೆ ದಾಟಿ ಎದುರುಮನೆಯ ಬಾಗಿಲ ಮೇಲಿದ್ದ ಉರ್ದುವನ್ನೂ ಒರೆಸಿ ಬಂದರು. ನಮ್ಮ ಅಕ್ಷರದ ದೆಸೆಯಿಂದ ಆ ಅಜ್ಜಿಗೆ ಕೇಡಾಗಬಾರದೆಂದು. ಮಾರನೆಯ ಬೆಳಿಗ್ಗೆ ಅಜ್ಜಿಯ ಮಗ ಹಾಲಿನ ಪ್ಯಾಕೆಟ್ಟು ತಂದು ಬಾಗಿಲು ಬಡಿದಾಗ ನಾವು ಬಹಳ ಹೊತ್ತು ತೆರೆಯಲಿಲ್ಲ. ಪರಿಚಿತ ದನಿಯಲ್ಲಿ ಕರೆದರೂ ತೆರೆಯಬಾರದು ಎಂಬ ದೆವ್ವದ ನಿಯಮವನ್ನು ನಾವು ಮನುಷ್ಯರಿಗೆ ಅನ್ವಯಿಸಿದ್ದೆವು. ಆ ನಾಚಿಕೆ ನನಗೆ ಇಂದಿಗೂ ಹೋಗಿಲ್ಲ.

ಈ ಆಟಗಳ ಚರಿತ್ರೆ ಓದಿದಾಗ ನನಗೆ ಅರ್ಥವಾದದ್ದು ಇಷ್ಟು: ಕಾಣದ್ದೇ ಭಯ. ಮಂಜಿನಲ್ಲಿ, ಬಾಗಿಲಾಚೆಯಲ್ಲಿ, ನಾಲ್ಕು ತ್ರಿಕೋನದ ಮುಖದಲ್ಲಿ ಒಂದು ಖಾಲಿ ಜಾಗವಿರುತ್ತದೆ, ಅದನ್ನು ತುಂಬುವವರು ನಾವು. 'ನಾಳೆ ಬಾ' ದಿನಗಳಲ್ಲಿ ಇಡೀ ಗಲ್ಲಿ ಸೇರಿ ಅಲ್ಲಿ ಯಾರದೂ ಅಲ್ಲದ ಮುಖವೊಂದನ್ನು ಇಟ್ಟಿತ್ತು, ಸೇರಿಯೇ ಹೆದರಿತ್ತು. ಆ ಅಕ್ಟೋಬರಿನಲ್ಲಿ ಅದೇ ಜಾಗಕ್ಕೆ ನೆರೆಯವರ ಮುಖ ಬಂತು. ಹಾಗಾಗಿ ಅದನ್ನು ತುಂಬುವವರು ಯಾರು, ಹೇಗೆ ತುಂಬುತ್ತಾರೆ ಎನ್ನುವುದು ಮಕ್ಕಳಾಟದ ಮಾತಲ್ಲ. ಕೋಟಿಗಟ್ಟಲೆ ಖರ್ಚಿನ ಯುದ್ಧದಾಟ 'ಮಾಡರ್ನ್ ವಾರ್‌ಫೇರ್ 2' 2009ರಲ್ಲಿ ಕರಾಚಿಯ ಬೀದಿಯನ್ನು ತೋರಿಸಿತು. ಅಲ್ಲಿನ ಬೋರ್ಡುಗಳೆಲ್ಲ ಅರಬ್ಬಿಯಲ್ಲಿದ್ದವು. ಕರಾಚಿಯ ಬೀದಿಯ ಬೋರ್ಡು ಉರ್ದುವಿನಲ್ಲಿರುತ್ತದೆ ಎಂದು ವಿಚಾರಿಸುವ ಗೋಜಿಗೂ ಅವರು ಹೋಗಿರಲಿಲ್ಲ. ಶತ್ರುವಿನ ಬೀದಿಯಲ್ಲಿ ಏನು ಬರೆದಿದ್ದರೇನು? ನಮ್ಮ ಬೀದಿಯನ್ನು ನಾವೇ ಬಿಡಿಸದಿದ್ದರೆ ಬೇರೆಯವರು ಬಿಡಿಸುವುದು ಹೀಗೆಯೇ. ಒರಟು ಚಿತ್ರದ ಸಣ್ಣ ಆಟಗಳ ದೊಡ್ಡ ಉಪಕಾರವೆಂದರೆ ಆ ಕೆಲಸಕ್ಕೆ ಇಂದು ಒಂದು ಲ್ಯಾಪ್‌ಟಾಪು, ಒಂದಿಷ್ಟು ತಾಳ್ಮೆ ಸಾಕು.

ಈದ್ ಕಳೆದ ಮೇಲೆ ಸೋದರಳಿಯ ಫೋನು ಮಾಡಿದ. ಆಟದ ಗಲ್ಲಿ ನಮ್ಮ ಹಳೆಯ ಆರ್.ಟಿ. ನಗರದ ಗಲ್ಲಿಯಂತೆ. ಬಾಗಿಲಿಗೆ ಅಂಟಿಸುವ ಚಿತ್ರ ಅಂಗೈಯಗಲವೂ ಇಲ್ಲ, ಅಕ್ಷರ ದೊಡ್ಡದಾಗಿ ಬರೆಯದಿದ್ದರೆ ಕಾಣುವುದಿಲ್ಲವಂತೆ. "ನಾನಿ ಹೇಳಿದ್ರು, ನಿಮ್ಮ ಬಾಗಿಲ ಮೇಲೆ ನೀವೇ ಬರೆದಿದ್ರಂತೆ. ಏನು ಬರೆದಿದ್ರಿ ಮಾಮು?"

"ನಾಳೆ ಬಾ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗೆ ಇನ್ನೊಂದು ಸಾಲಿತ್ತೆಂದೂ ಹೇಳಿದೆ.

"ಜಾಗ ಕಡಿಮೆ ಇದೆ, ಎರಡೂ ಹಿಡಿಸುತ್ತೋ ಇಲ್ವೋ" ಎಂದ.

ಹಿಡಿಸು ಎಂದೆ.